ಲೇಸರ್‌ನಲ್ಲಿ ಸ್ಪೀಡ್ ಅಳೆಯೋದು ಹೇಗೆ: ಗೋಡೆ ಗಡಿಯಾರದಿಂದ ಕಬ್ಬಿನ ಗಾಣದವರೆಗೆ, ಆಮೇಲೆ 13.5 ನ್ಯಾನೋಮೀಟರ್ ಕನ್ನಡಿ

ನಮ್ಮೂರು ಮಂಡ್ಯ ಕಡೆ, ಹೊಟ್ಟೆಪಾಡು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಊರಿಗೆ ಹೋದಾಗ ಸೋದರಮಾವ ಆಲೆಮನೆಗೆ ಕರ್ಕೊಂಡೋಗಿ "ನೋಡ್ಲಾ, ಒಂದೊಂದ್ ಕಿತ ಗಾಣ ಉಸ್ರು ಕಟ್ಟಿದಂಗಾಯ್ತದೆ, ಮೋಟ್ರು ಸರ್ಯಾಗೇ ಐತೆ, ಅದೇನು ಅಂತ ನೋಡು" ಅಂದ್ರು. ಕಬ್ಬು ಜಾಸ್ತಿ ಕೊಟ್ಟಾಗ ರೋಲರ್ ಎಷ್ಟು ನಿಧಾನ ಆಗುತ್ತೆ, ಎಷ್ಟು ಹೊತ್ತು ಆಗುತ್ತೆ ಅನ್ನೋದು ಪ್ರಶ್ನೆ. ಅದಕ್ಕೆ ಅಂತ ಮಾಡಿದ ಒಂದು ಲೇಸರ್ ಸ್ಪೀಡ್ ಮೀಟರ್ ಕಥೆ ಇದು, ನೀವೂ ಮಾಡ್ಕೋಬಹುದು, ಎಲೆಕ್ಟ್ರಾನಿಕ್ಸ್ ಸ್ವಲ್ಪ ಗೊತ್ತಿದ್ದು ಸೋಲ್ಡರ್ ಹಿಡಿದು ಅಭ್ಯಾಸ ಇದ್ರೆ ಒಂದು ಭಾನುವಾರದ ಕೆಲಸ.

ಮೊದಲೇ ಒಂದು ಮಾತು. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಪೊಲೀಸ್ನೋರು ಹಿಡ್ಕೊಂಡಿರೋ ಲೇಸರ್ ಗನ್ ಥರದ್ದಲ್ಲ ಇದು. ಆ ಗನ್ ಬೆಳಕಿನ ಸಣ್ಣ ಸಣ್ಣ ಪಲ್ಸ್ ಬಿಟ್ಟು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡುತ್ತೆ, 300 ಮೀಟರ್ ದೂರದ ಕಾರಿಗೆ ಹೋಗಿ ಬರೋಕೆ 2 ಮೈಕ್ರೋಸೆಕೆಂಡ್, ಹಿಂಗೆ ಮತ್ತೆ ಮತ್ತೆ ದೂರ ಅಳೆದು ಅದರಿಂದ ಸ್ಪೀಡ್ ತೆಗೆಯುತ್ತೆ. ನಾವು ಮಾಡೋದು ಡಾಪ್ಲರ್. ಆಂಬ್ಯುಲೆನ್ಸ್ ಹತ್ರ ಬಂದಾಗ ಸದ್ದು ಚೂಪಾಗಿ ದಾಟಿ ಹೋದಾಗ ದಪ್ಪ ಆಗುತ್ತಲ್ಲ ಅದೇ, 1842ರಲ್ಲಿ ಡಾಪ್ಲರ್ ಹೇಳಿದ್ದು, ಆದ್ರೆ ಬೆಳಕಿನಲ್ಲಿ.

ಲೆಕ್ಕ ಬಹಳ ಸುಲಭ ಕಣ್ರೀ, ಫಾರ್ಮುಲಾ ಕೂಡ ಬೇಡ. ಕೆಂಪು ಲೇಸರ್ ಬೆಳಕಿನ ಒಂದು ಅಲೆಯ ಉದ್ದ 650 ನ್ಯಾನೋಮೀಟರ್. ಎದುರಿಗಿರೋ ವಸ್ತು ಅದರ ಅರ್ಧ, ಅಂದ್ರೆ 325 ನ್ಯಾನೋಮೀಟರ್ ಹತ್ರ ಸರಿದ್ರೆ ಬೆಳಕಿಗೆ ಹೋಗೋ ದಾರಿಯಲ್ಲಿ ಅಷ್ಟು, ಬರೋ ದಾರಿಯಲ್ಲಿ ಅಷ್ಟು, ಒಟ್ಟು ಒಂದು ಪೂರ್ತಿ ಅಲೆ ಉಳಿಯುತ್ತೆ. ಹಂಗಾಗಿ ವಾಪಸ್ ಬಂದ ಬೆಳಕನ್ನ ಹೊರಟ ಬೆಳಕಿನ ಜೊತೆ ಬೆರೆಸಿದ್ರೆ ಪ್ರತಿ 325 ನ್ಯಾನೋಮೀಟರ್‌ಗೂ ಒಂದು ಸಲ ಹೊಳಪು ಏರಿ ಇಳಿಯುತ್ತೆ. ಸೆಕೆಂಡಿಗೆ 1 ಮಿಲಿಮೀಟರ್ ಸ್ಪೀಡ್ ಇದ್ರೆ ಸೆಕೆಂಡಿಗೆ ಸುಮಾರು 3,077 ಏರಿಳಿತ. ಅಂದ್ರೆ ಬಸವನಹುಳು ನಡಿಗೆಯನ್ನ ಸ್ಪೀಕರ್‌ನಲ್ಲಿ ಸೀಟಿ ಥರ ಕೇಳಬಹುದು! ನಾನು ಈ ಕೆಲಸಕ್ಕೆ ಕೈ ಹಾಕಿದ್ದೇ ಈ ಒಂದು ಕಾರಣಕ್ಕೆ ಅಂದ್ರೂ ತಪ್ಪಿಲ್ಲ.

ಈ ಅರ್ಧ ಅಲೆ ಅನ್ನೋದನ್ನ ಇಲ್ಲೇ ತಲೇಲಿ ಇಟ್ಕೊಳ್ಳಿ, ಕೊನೇಲಿ ಕನ್ನಡಿ ವಿಷಯಕ್ಕೆ ಬಂದಾಗ ಅದೇ ಬರುತ್ತೆ.

ಯಾವ ಲೇಸರ್ ತಗೋಬೇಕು

ಹೋದ ಬೆಳಕನ್ನೂ ಬಂದ ಬೆಳಕನ್ನೂ ಬೆರೆಸೋಕೆ ಲ್ಯಾಬಲ್ಲಾದ್ರೆ ಕನ್ನಡಿ, ಪ್ರಿಸಂ, ಅದುರದ ಟೇಬಲ್ ಎಲ್ಲ ಇಡ್ತಾರೆ. ನಮಗೆ ಏನೂ ಬೇಡ. ವಾಪಸ್ ಬಂದ ಬೆಳಕು ಸೀದಾ ಲೇಸರ್ ಡಯೋಡ್ ಒಳಗೇ ನುಗ್ಗಿದ್ರೆ ಲೇಸರ್‌ನ ಹೊಳಪೇ ಏರಿಳಿಯುತ್ತೆ, ಇದಕ್ಕೆ ಸೆಲ್ಫ್ ಮಿಕ್ಸಿಂಗ್ ಅಂತಾರೆ. ಕೆಲವು ಡಯೋಡ್ ಒಳಗೆ ಹಿಂಭಾಗದಲ್ಲಿ ಒಂದು ಪುಟ್ಟ ಫೋಟೋಡಯೋಡ್ ಇರುತ್ತೆ, ಲೇಸರ್ ಎಷ್ಟು ಹೊಳೀತಿದೆ ಅಂತ ಕಾಯೋಕೆ ಅಂತ ಕಂಪನಿಯವರೇ ಇಟ್ಟಿರೋದು, ಅದನ್ನೇ ನಾವು ಕಿವಿ ಮಾಡ್ಕೋಬೇಕು.

ಇಲ್ಲೇ ಬಹಳ ಜನ ಎಡವೋದು. ಅಂಗಡಿಯಲ್ಲಿ ಸಿಗೋ ಎರಡು ವೈರಿನ ಚಿಕ್ಕ ಹಿತ್ತಾಳೆ ಲೇಸರ್ ಮಾಡ್ಯೂಲ್ ತರಬೇಡಿ, ಅದರಲ್ಲಿ ಆ ಫೋಟೋಡಯೋಡ್ ಹೊರಗೆ ಬಂದಿರಲ್ಲ. ಮೂರು ಕಾಲಿನ, 5.6 ಮಿಮೀ ಡಬ್ಬಿಯ, 650 ನ್ಯಾನೋಮೀಟರ್, 5 ಮಿಲಿವ್ಯಾಟ್, ಜೊತೆಗೆ ಪಿಡಿ (ಅಂದ್ರೆ ಆ ಫೋಟೋಡಯೋಡ್) ಇದೆ ಅಂತ ಡೇಟಾಶೀಟ್‌ನಲ್ಲಿ ಬರೆದಿರೋ ಡಯೋಡ್ ತರಿಸಿ, ಕೊಲಿಮೇಟರ್ ಲೆನ್ಸ್ (ಹರಡೋ ಬೆಳಕನ್ನ ಕೂಡಿಸಿ ಸೀದಾ ಕಳಿಸೋದು) ಇರೋ ಲೋಹದ ಹೋಲ್ಡರ್ ಕೂಡ. ಕಾಲುಗಳ ಜೋಡಣೆ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಡೇಟಾಶೀಟ್ ನೋಡದೆ ಊಹೆ ಮೇಲೆ ಹೋಗ್ಬೇಡಿ. ಮೂರು ಡಯೋಡ್ ಒಟ್ಟಿಗೆ ತರಿಸಿ, ಒಂದು ಸತ್ತೇ ಸಾಯುತ್ತೆ.

ಇನ್ಫ್ರಾರೆಡ್ ಡಯೋಡ್ ಅಗ್ಗಕ್ಕೆ ಸಿಕ್ತು ಅಂತ ತರಬೇಡಿ. ಕಣ್ಣಿಗೆ ಕಾಣಲ್ಲ, ರೆಪ್ಪೆ ಮುಚ್ಚೋದೂ ಇಲ್ಲ, ಕಣ್ಣು ಹೋದ ಮೇಲೆ ಗೊತ್ತಾಗೋದು. ಕೆಂಪು 5 ಮಿಲಿವ್ಯಾಟ್ ಕೂಡ ಆಟದ ಸಾಮಾನಲ್ಲ, ಕಣ್ಣಿನ ಮಟ್ಟದಲ್ಲಿ ಇಡಬೇಡಿ, ಎದುರಿಗೆ ಸ್ಟೀಲ್ ಪಾತ್ರೆ ಗೀತ್ರೆ ಇದ್ರೆ ತೆಗೆದಿಡಿ, ಮನೇಲಿ ಮಕ್ಕಳಿದ್ರೆ ಎಲ್ಲಾ ಒಂದು ರಟ್ಟಿನ ಡಬ್ಬದ ಒಳಗೇ ಮಾಡಿ.

ಸರ್ಕ್ಯೂಟ್

ಲೇಸರ್‌ಗೆ ಕರೆಂಟು ಒಂದೇ ಸಮ ಹೋಗ್ಬೇಕು. ಎಲ್‌ಎಂ317 ಅನ್ನೋ ರೆಗ್ಯುಲೇಟರ್ ಐಸಿ ತಗೊಂಡು ಅದರ ಔಟ್ ಮತ್ತು ಅಡ್ಜಸ್ಟ್ ಕಾಲಿನ ನಡುವೆ 47 ಓಮ್ ರೆಸಿಸ್ಟರ್, ಅದರ ಜೊತೆ ಸೀರೀಸ್‌ನಲ್ಲಿ 100 ಓಮ್ ಪಾಟ್ (ತಿರುಗಿಸಿ ಓಮ್ ಬದಲಾಯಿಸೋ ರೆಸಿಸ್ಟರ್) ಹಾಕಿ, ಅಡ್ಜಸ್ಟ್ ಕಾಲಿಂದ ಡಯೋಡ್‌ಗೆ. 1.25 ವೋಲ್ಟ್‌ನ ಆ ಒಟ್ಟು ಓಮ್‌ನಿಂದ ಭಾಗಿಸಿದ್ರೆ ಕರೆಂಟು ಬರುತ್ತೆ, ಪಾಟ್ ಪೂರ್ತಿ ಇದ್ದಾಗ 8.5 ಮಿಲಿಆಂಪ್, ಪೂರ್ತಿ ಇಳಿಸಿದಾಗ 26.6. ಮೊದಲು ಪೂರ್ತಿ ಇಟ್ಟು ಶುರು ಮಾಡಿ ಮೆಲ್ಲಗೆ ಇಳಿಸ್ತಾ ಬನ್ನಿ, ಮಂಕಾಗಿದ್ದ ಕೆಂಪು ಒಂದು ಜಾಗದಲ್ಲಿ ದಿಢೀರ್ ಅಂತ ಹೊಳಪಾಗುತ್ತೆ, ಅದರ ಸ್ವಲ್ಪವೇ ಮೇಲೆ ನಿಲ್ಲಿಸಿ, ಅಲ್ಲೇ ಇದು ಚೆನ್ನಾಗಿ ಕೇಳಿಸ್ಕೊಳ್ಳೋದು. ಡೇಟಾಶೀಟ್‌ನಲ್ಲಿರೋ ಮ್ಯಾಕ್ಸಿಮಮ್ ದಾಟಬೇಡಿ ಅಂತ ಬೇರೆ ಹೇಳ್ಬೇಕಾಗಿಲ್ಲ.

ನನ್ನ ಮೊದಲ ಡಯೋಡ್ ಸತ್ತಿದ್ದು ಹೆಂಗೆ ಅಂದ್ರೆ, ಪವರ್ ಆನ್ ಇಟ್ಕೊಂಡೇ ಲೂಸಾಗಿದ್ದ ಡಯೋಡ್ ವೈರನ್ನ ಮತ್ತೆ ಸಿಗಿಸಿದೆ. ಡಯೋಡ್ ಇಲ್ಲದಾಗ ಎಲ್‌ಎಂ317 ವೋಲ್ಟೇಜ್ ಮೇಲಕ್ಕೆ ಏರಿಸ್ಕೊಂಡು ಕೂತಿರುತ್ತೆ, ಸಿಗಿಸಿದ ಕ್ಷಣ ಅದೆಲ್ಲ ಒಂದೇ ಸಲ ನುಗ್ಗುತ್ತೆ. ಲೈಟು ಬಂತು, ಆದ್ರೆ ಎಲ್‌ಇಡಿ ಥರ ಮಂಕಾಗಿ, ಆಮೇಲೆ ಅದು ಲೇಸರ್ ಆಗಲೇ ಇಲ್ಲ. ಅದಕ್ಕೆ ಮೊದಲು ಡಯೋಡ್ ಸೋಲ್ಡರ್, ಆಮೇಲೆ ಬ್ಯಾಟರಿ, ಯಾವಾಗ್ಲೂ.

ಫೋಟೋಡಯೋಡ್‌ನ ಉಲ್ಟಾ ಬಯಾಸ್‌ನಲ್ಲಿ ಇಟ್ಟು 10 ಕಿಲೋ ಓಮ್ ಹಾಕಿ. ಏರಿಳಿತ ಬಹಳ ಚಿಕ್ಕದು, ಒಟ್ಟು ಹೊಳಪಿನ ಸಾವಿರದಲ್ಲೊಂದು ಪಾಲು ಅಂದ್ಕೊಳ್ಳಿ, ರೆಸಿಸ್ಟರ್ ಮೇಲೆ 1 ವೋಲ್ಟ್ ಇದ್ರೆ ಅದರಲ್ಲಿ 1 ಮಿಲಿವೋಲ್ಟ್ ನಮ್ಮದು. ಅದನ್ನ 100 ನ್ಯಾನೋಫ್ಯಾರಡ್ ಕೆಪಾಸಿಟರ್ ದಾಟಿಸಿ ಟಿಎಲ್072ಗೆ ಕೊಡಿ, ಅದರಲ್ಲಿ ಎರಡು ಆಂಪ್ಲಿಫೈಯರ್ ಇರುತ್ತೆ, ಎರಡರಲ್ಲೂ ಹತ್ತತ್ತು ಪಟ್ಟು ಮಾಡಿ, ಒಟ್ಟು ನೂರು. ಒಂದರಲ್ಲೇ ನೂರು ಪಟ್ಟು ಮಾಡಿದ್ರೆ 30 ಕಿಲೋಹರ್ಟ್ಸ್ (ಸೆಕೆಂಡಿಗೆ 30,000 ಏರಿಳಿತ) ಹತ್ರ ಸುಸ್ತಾಗುತ್ತೆ, ಗಡಿಯಾರಕ್ಕೆ ಸಾಕು, ಗಾಣಕ್ಕೆ ಸಾಲಲ್ಲ. ಎರಡು 9 ವೋಲ್ಟ್ ಬ್ಯಾಟರಿ ಹಾಕಿ ನಡುವಿನ ಗಂಟನ್ನ ಗ್ರೌಂಡ್ ಮಾಡ್ಕೊಳ್ಳಿ. ಮೊಬೈಲ್ ಚಾರ್ಜರ್‌ನಿಂದ ಪವರ್ ಕೊಡೋ ಆಸೆ ಬಿಡಿ, ಅದರ ಗೊರಗೊರದಲ್ಲಿ ಏನೂ ಕೇಳಲ್ಲ.

ಕೊನೆಗೆ ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಕಂಪ್ಯೂಟರ್‌ನಲ್ಲಿ ಆಡಾಸಿಟಿ ಅನ್ನೋ ಸೌಂಡ್ ರೆಕಾರ್ಡಿಂಗ್ ಸಾಫ್ಟ್‌ವೇರ್. ಕಂಪ್ಯೂಟರ್ ಸೆಟ್ಟಿಂಗ್ಸ್‌ನಲ್ಲಿ ನಾಯ್ಸ್ ಸಪ್ರೆಶನ್ ಇದ್ರೆ ಆಫ್ ಮಾಡಿ, ಇದು ಮುಖ್ಯ. ಒಂದೇ ಸಮ ಬರೋ ಸೀಟಿ ಸದ್ದನ್ನ ಅದು ಫ್ಯಾನ್ ಸದ್ದು ಅಂದ್ಕೊಂಡು ಒರೆಸಿ ಹಾಕುತ್ತೆ, ನೀವು ಸರ್ಕ್ಯೂಟ್ ಬಿಚ್ಚಿ ಕೂತಿರ್ತೀರ.

ಗಡಿಯಾರದ ಮೇಲೆ ಟೆಸ್ಟ್

ಅಳೆಯೋ ಸಾಧನ ಸರಿಯಾಗಿದ್ಯಾ ಅಂತ ನೋಡೋಕೆ ಸ್ಪೀಡ್ ಮೊದಲೇ ಗೊತ್ತಿರೋ ಏನಾದ್ರೂ ಬೇಕಲ್ಲ, ಅದಕ್ಕೆ ಗೋಡೆ ಗಡಿಯಾರಕ್ಕಿಂತ ಒಳ್ಳೇದು ಮನೇಲಿ ಇಲ್ಲ. ಸೆಕೆಂಡ್ ಮುಳ್ಳು ನಿಮಿಷಕ್ಕೆ ಕರೆಕ್ಟಾಗಿ ಒಂದು ಸುತ್ತು. ಮುಳ್ಳು ಕಿತ್ತು ಅದರ ಜಾಗಕ್ಕೆ ಆರು ಸೆಂಟಿಮೀಟರ್ ತ್ರಿಜ್ಯದ ತೆಳು ಬಿಳಿ ಪೇಪರ್ ಚಕ್ರ ಅಂಟಿಸಿ, ನಡು ಸರಿಯಾಗಿರ್ಲಿ, ಇಲ್ದಿದ್ರೆ ಭಾರ ಒಂದು ಕಡೆ ಎಳೆದು ಮೋಟರ್ ನಿಲ್ಲುತ್ತೆ. ಹೊಳೆಯೋ ಪೇಪರ್ ಬೇಡ, ನೋಟ್‌ಬುಕ್ ಹಾಳೆ ಸಾಕು.

ಗಡಿಯಾರ ಮಾತ್ರ ಟಿಕ್ ಟಿಕ್ ಅನ್ನೋದು ಆಗಲ್ಲ, ಮುಳ್ಳು ಜಾರ್ಕೊಂಡು ಹೋಗೋದು ಬೇಕು. ನಾನು ಇದನ್ನ ಯೋಚಿಸದೆ ಸಯ್ಯಾಜಿ ರಾವ್ ರೋಡ್‌ನಲ್ಲಿ ಒಂದು ಟಿಕ್ ಟಿಕ್ ಗಡಿಯಾರ ತಂದು, ಸೆಕೆಂಡಿಗೊಂದು ಸಲ ಹಕ್ಕಿ ಕೂಗಿದಂಗೆ ಚುಂಯ್ ಅಂತ ಬರ್ತಾ ಇದ್ದಿದ್ದಕ್ಕೆ ಆಂಪ್ಲಿಫೈಯರ್ ಕೆಟ್ಟಿದೆ ಅಂತ ಎರಡು ಗಂಟೆ ಒದ್ದಾಡಿದೀನಿ. ಕೆಟ್ಟಿದ್ದು ಏನೂ ಇಲ್ಲ, ಮುಳ್ಳು ಹಾರಿ ಹಾರಿ ನಿಲ್ತಾ ಇತ್ತು, ಅದನ್ನ ಲೇಸರ್ ಪ್ರಾಮಾಣಿಕವಾಗಿ ಹೇಳ್ತಾ ಇತ್ತು.

ಈಗ ನಡುವಿನಿಂದ 5 ಸೆಂಟಿಮೀಟರ್ ದೂರದಲ್ಲಿ ಲೇಸರ್ ಚುಕ್ಕೆ ಬೀಳಿಸಿ, ಲೆನ್ಸ್ ತಿರುಗಿಸಿ ಚುಕ್ಕೆ ಚಿಕ್ಕದು ಮಾಡಿ. ಲೇಸರ್ ಸೀದಾ ಲಂಬವಾಗಿ ಹೊಡೆದ್ರೆ ಏನೂ ಬರಲ್ಲ, ಪೇಪರ್ ಲೇಸರ್ ಕಡೆಗೆ ಬರ್ತಾನೂ ಇಲ್ಲ, ದೂರ ಹೋಗ್ತಾನೂ ಇಲ್ಲ. ಪೇಪರ್ ಸರಿಯೋ ದಿಕ್ಕಿಗೂ ಲೇಸರ್ ಗೆರೆಗೂ 60 ಡಿಗ್ರಿ ಇರೋ ಹಾಗೆ ವಾಲಿಸಿ. ಮಕ್ಕಳ ಜಾಮಿಟ್ರಿ ಬಾಕ್ಸ್‌ನಲ್ಲಿ 60 ಡಿಗ್ರಿ ಸೆಟ್ ಸ್ಕ್ವೇರ್ ಇರುತ್ತಲ್ಲ, ಅದನ್ನೇ ಆಸರೆ ಮಾಡಿ. ವಾಲಿಸಬೇಕಾದ್ದು ಚಕ್ರ ತಿರುಗೋ ದಿಕ್ಕಿನ ಕಡೆಗೆ, ನಡುವಿನ ಕಡೆಗೆ ಅಲ್ಲ. ನಡುವಿನ ಕಡೆ ವಾಲಿಸಿದ್ರೆ ಸೀಟಿ ಇಳಿದು ಇಳಿದು ಮಾಯ ಆಗುತ್ತೆ, ಬೇಕಾದ್ರೆ ಒಂದ್ಸಲ ಹಂಗೂ ಮಾಡಿ ನೋಡಿ, ಕೋನ ಏನು ಮಾಡುತ್ತೆ ಅಂತ ಕಿವಿಗೇ ಅರ್ಥ ಆಗುತ್ತೆ.

5 ಸೆಂಮೀ ತ್ರಿಜ್ಯಕ್ಕೆ ಸುತ್ತಳತೆ 31.4 ಸೆಂಮೀ, ನಿಮಿಷಕ್ಕೆ ಅಷ್ಟು ಅಂದ್ರೆ ಸೆಕೆಂಡಿಗೆ 5.24 ಮಿಮೀ. 60 ಡಿಗ್ರಿಯ ಕೊಸೈನ್ ಅರ್ಧ, ಹಾಗಾಗಿ ಲೇಸರ್ ಕಣ್ಣಿಗೆ ಕಾಣೋ ಸ್ಪೀಡ್ 2.62 ಮಿಮೀ. ಅದನ್ನ 325 ನ್ಯಾನೋಮೀಟರ್‌ನಿಂದ ಭಾಗಿಸಿದ್ರೆ ಸುಮಾರು 8,055 ಹರ್ಟ್ಸ್. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಆಡಾಸಿಟಿಯಲ್ಲಿ ಪ್ಲಾಟ್ ಸ್ಪೆಕ್ಟ್ರಂ ಒತ್ತಿ, ಯಾವ ಹರ್ಟ್ಸ್ ಹತ್ರ ಸದ್ದು ಎಷ್ಟಿದೆ ಅಂತ ಗ್ರಾಫ್ ಬರುತ್ತೆ. ಸೂಜಿ ಥರ ಗೆರೆ ಬರುತ್ತೆ ಅಂತ ಕಾಯಬೇಡಿ, ಕೆಲವು ನೂರು ಹರ್ಟ್ಸ್ ಅಗಲದ ಗುಡ್ಡ ಬರುತ್ತೆ. ಪೇಪರ್ ಒರಟು, ಜೊತೆಗೆ ಲೆನ್ಸ್‌ನಿಂದ ಬೆಳಕು ಕೋನ್ ಥರ ಬಂದು ಬೀಳೋದ್ರಿಂದ ಒಂದೊಂದು ಕಿರಣದ ಕೋನ ಚೂರು ಚೂರು ಬೇರೆ. ಗುಡ್ಡದ ನಡು ತಗೊಳ್ಳಿ.

ನನಗೆ ಬಂದಿದ್ದು 7,800 ಹತ್ರ. ತಲೆ ಕೆಡಿಸ್ಕೊಂಡೆ, ಆಮೇಲೆ ಲೆಕ್ಕ ಹಾಕಿದ್ರೆ 60 ಡಿಗ್ರಿ ಹತ್ರ ಒಂದು ಡಿಗ್ರಿ ತಪ್ಪಿದ್ರೆ ಉತ್ತರ 3 ಪರ್ಸೆಂಟ್ ತಪ್ಪುತ್ತೆ. 80 ಡಿಗ್ರಿಯಲ್ಲಾದ್ರೆ ಒಂದು ಡಿಗ್ರಿಗೆ 10 ಪರ್ಸೆಂಟ್, 85ರಲ್ಲಿ 20! ಲೇಸರ್‌ನ ಬಣ್ಣ ಬಿಸಿಲಿಗೆ ಬದಲಾಗುತ್ತೆ ಅಂತೆಲ್ಲ ಹೆದರಿಸ್ತಾರೆ, 10 ಡಿಗ್ರಿ ಸೆಲ್ಸಿಯಸ್ ಏರಿದ್ರೆ ಸುಮಾರು 2 ನ್ಯಾನೋಮೀಟರ್ ಅಷ್ಟೆ, ಅರ್ಧ ಪರ್ಸೆಂಟೂ ಇಲ್ಲ. ಮೋಸ ಮಾಡೋದೆಲ್ಲ ಕೋನವೇ. ಅದಕ್ಕೆ ನನ್ನ ಸಲಹೆ ಏನಂದ್ರೆ ಕೋನ ಅಳೆಯೋ ಗೋಜಿಗೇ ಹೋಗ್ಬೇಡಿ. ಒಂದು ಮರದ ತುಂಡಿಗೆ ಲೇಸರ್‌ನ ವಾಲಿಸಿ ಫೆವಿಕ್ವಿಕ್ ಹಾಕಿ ಕೂರಿಸಿಬಿಡಿ, ಆ ತುಂಡನ್ನ ಗಡಿಯಾರದ ಎದುರು ಇಟ್ಟು ಎಷ್ಟು ಬಂತು ಅಂತ ಬರ್ಕೊಳ್ಳಿ, ಅದೇ ತುಂಡನ್ನ ಅದೇ ರೀತಿ ಬೇರೆ ಕಡೆ ಇಟ್ಟಾಗ ಬಂದಿದ್ದನ್ನ ಇದಕ್ಕೆ ಹೋಲಿಸಿ. ಗಡಿಯಾರಕ್ಕಿಂತ ಎಷ್ಟು ಪಟ್ಟು ಅನ್ನೋದೇ ಉತ್ತರ.

ಗಾಣದ ಹತ್ರ

ಮಾವನ ಗಾಣದ ದೊಡ್ಡ ರೋಲರ್‌ಗೆ ದಾರ ಸುತ್ತಿ ಅಳೆದ್ರೆ 94 ಸೆಂಮೀ, ನಿಮಿಷಕ್ಕೆ 12 ಸುತ್ತು ಅಂದ್ಕೊಂಡ್ರೆ ಸೆಕೆಂಡಿಗೆ 188 ಮಿಮೀ. 60 ಡಿಗ್ರಿಯಲ್ಲಿ ಇದು 289 ಕಿಲೋಹರ್ಟ್ಸ್, ಸೌಂಡ್ ಕಾರ್ಡ್ ಮುಗಿಯೋದು 24ಕ್ಕೆ. ರಾಸ್ಪ್‌ಬೆರಿ ಪೈ ಪಿಕೋ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್ ಸೆಕೆಂಡಿಗೆ 5 ಲಕ್ಷ ಸಲ ವೋಲ್ಟೇಜ್ ಓದುತ್ತೆ, ಒಂದು ಏರಿಳಿತಕ್ಕೆ ಎರಡು ಸಲವಾದ್ರೂ ಓದ್ಬೇಕು, ಅಂದ್ರೆ 250 ಕಿಲೋಹರ್ಟ್ಸ್‌ವರೆಗೆ ನೋಡಬಹುದು. ಹಂಗಾಗಿ ಮರದ ತುಂಡನ್ನ 75 ಡಿಗ್ರಿಗೆ ಮಾಡಿದೆ, ಆಗ ಗಡಿಯಾರ 4,170 ಹರ್ಟ್ಸ್, ಗಾಣ 150 ಕಿಲೋಹರ್ಟ್ಸ್ ಆಸುಪಾಸು. ಪಿಕೋಗೆ ಕೊಡೋ ಸಿಗ್ನಲ್ 0ಯಿಂದ 3.3 ವೋಲ್ಟ್ ಒಳಗೇ ಇರ್ಬೇಕು, ಎರಡು ಸಮ ರೆಸಿಸ್ಟರ್ ಹಾಕಿ ನಡುವಿಗೆ ಎತ್ತಿ ಕೊಡಿ, ಇಲ್ಲಾಂದ್ರೆ ಬೋರ್ಡೂ ಹೋಗುತ್ತೆ.

ಸಲಕರಣೆ ಎಲ್ಲ ಹರಡಿ ಕೂತ್ರೆ ಮಾವ ಒಂದು ಸೀಮೆಸುಣ್ಣ ತಂದು ರೋಲರ್ ಮೇಲೆ ಗೆರೆ ಎಳೆದು, ವಾಚ್ ನೋಡ್ಕೊಂಡು ಎಣಿಸಿ "ಅನ್ನೆಲ್ಡು" ಅಂದ್ರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಏನೂ ಇಲ್ಲ! ರೋಲರ್ ಮೈಮೇಲೆಲ್ಲ ಹಾಲು, ಒದ್ದೆಯಾಗಿ ಪಳಪಳ ಅಂತಿದೆ, ಬೆಳಕೆಲ್ಲ ಜಾರಿ ಬೇರೆ ಕಡೆ ಹೋಗ್ತಿದೆ. ಕೊನೆಗೆ ಆ ಸೀಮೆಸುಣ್ಣವನ್ನೇ ಇಸ್ಕೊಂಡು ರೋಲರ್‌ನ ಒಣ ಅಂಚಿನ ಸುತ್ತಾ ದಪ್ಪಕ್ಕೆ ಬಳಿದೆ, ಆಗ ಬಂತು. ಲೆಕ್ಕ ಹಾಕಿದ್ರೆ ಅದೇ ಹನ್ನೆರಡು, ಮಾವ ಏನೂ ಮಾತಾಡ್ಲಿಲ್ಲ, ಮೀಸೆ ಒಳಗೇ ನಕ್ಕರು.

ಆದ್ರೆ ಸೀಮೆಸುಣ್ಣದ ಗೆರೆ ಹೇಳೋದು ನಿಮಿಷದ ಲೆಕ್ಕ. ಲೇಸರ್ ಸೆಕೆಂಡಿಗೆ ಹತ್ತು ಸಲ ಹೇಳುತ್ತೆ. ಐದಾರು ಜಲ್ಲೆ ಒಟ್ಟಿಗೆ ಕೊಟ್ಟಾಗ ಗುಡ್ಡ 150ರಿಂದ 120ಕ್ಕೆ ಜಾರಿ, ಒಂದೂವರೆ ಸೆಕೆಂಡ್ ಅಲ್ಲೇ ತೆವಳಿ, ಮತ್ತೆ ಮೇಲೆ ಹತ್ತೋದು ಕಾಣಿಸ್ತು, ಮೋಟರ್ ಸದ್ದು ಮಾತ್ರ ಬದಲಾಗಲೇ ಇಲ್ಲ. ಮೋಟರ್ ಬಗ್ಗಿಲ್ಲ, ರೋಲರ್ ಬಗ್ಗಿದೆ ಅಂದ್ರೆ ನಡುವೆ ಬೆಲ್ಟ್ ಜಾರ್ತಿದೆ ಅಂತ. ಬೆಲ್ಟ್ ಬಿಗಿ ಮಾಡಿಸಿದ ಮೇಲೆ 120 ಇದ್ದಿದ್ದು 140ರ ಕೆಳಗೆ ಇಳೀಲಿಲ್ಲ. ಬರೀ ಸುತ್ತು ಎಣಿಸೋಕೆ ಆದ್ರೆ ಇದು ಬೇಡವೇ ಬೇಡ ಅಂತ ನಾನೇ ಹೇಳ್ತೀನಿ, ಪುಲ್ಲಿಗೆ ಸ್ಟಿಕ್ಕರ್ ಅಂಟಿಸಿ ಅಳೆಯೋ ಟ್ಯಾಕೋಮೀಟರ್ ಸಾಕು. ಗುರುತು ಅಂಟಿಸೋಕಾಗದ ಕಡೆ, ಓಡ್ತಿರೋ ರೇಷ್ಮೆ ನೂಲು, ಬಟ್ಟೆ, ಪೇಪರ್, ಅಲ್ಲಿ ಇದಕ್ಕೆ ಬೆಲೆ.

ಅದೇ ಅರ್ಧ ಅಲೆ, ಕನ್ನಡಿಯಲ್ಲಿ

ಈಗ ಇನ್ನೊಂದು ವಿಷಯ. ನಾನು ಕೆಲಸ ಮಾಡೋ ವರ್ಕ್‌ಶಾಪ್‌ನಲ್ಲಿ ಒಂದು ವ್ಯಾಕ್ಯೂಮ್ ಕೋಟಿಂಗ್ ಮಷೀನ್ ಇದೆ, ಗಾಡಿ ಹೆಡ್‌ಲೈಟ್ ಒಳಗಿನ ಪ್ಲಾಸ್ಟಿಕ್‌ಗೆ ಅಲ್ಯೂಮಿನಿಯಂ ಹೊಳಪು ಹಾಕೋದು. ಚಿಪ್ ಸುದ್ದಿ ಎಲ್ಲ ನೋಡಿದ ಹುಡುಗ ಒಬ್ಬ, "ಅಣ್ಣ, ಆ ಇಯುವಿ ಮಷೀನ್ ಕನ್ನಡಿನೂ ಕೋಟಿಂಗೇ ಅಲ್ವಾ, ನಮ್ಮದರಲ್ಲಿ ಆಗಲ್ವಾ" ಅಂದ. ಆಗಲ್ಲ ಅಂತ ಬಾಯಲ್ಲಿ ಹೇಳೋದಕ್ಕಿಂತ ಲೆಕ್ಕ ತೋರಿಸೋದು ವಾಸಿ ಅಂತ ಊಟದ ಟೈಮಲ್ಲಿ ಇಬ್ಬರೂ ಕೂತ್ವಿ.

ಇಯುವಿ ಮಷೀನ್ ಅಂದ್ರೆ ಕಣ್ಣಿಗೆ ಕಾಣದ, ಬಹಳ ಚಿಕ್ಕ ಅಲೆಯ ನೇರಳಾತೀತ ಬೆಳಕಿನಿಂದ ಚಿಪ್ ಮೇಲೆ ಗೆರೆ ಮೂಡಿಸೋದು. ಅದರಲ್ಲಿ ಕರಗಿದ ತವರದ ಹನಿಗಳನ್ನ ಸೆಕೆಂಡಿಗೆ 50,000 ಲೆಕ್ಕದಲ್ಲಿ ಬಿಡ್ತಾರೆ, ಒಂದೊಂದು ಹನಿ ಕೂದಲಿಗಿಂತ ಸಣ್ಣ. ಮೊದಲ ಲೇಸರ್ ಏಟು ಹನಿಯನ್ನ ದೋಸೆ ಥರ ಚಪ್ಪಟೆ ಮಾಡುತ್ತೆ, ಎರಡನೇ ದೊಡ್ಡ ಕಾರ್ಬನ್ ಡೈಆಕ್ಸೈಡ್ ಲೇಸರ್ ಏಟು ಅದನ್ನ ಪ್ಲಾಸ್ಮಾ ಮಾಡುತ್ತೆ, ಅದರಿಂದ 13.5 ನ್ಯಾನೋಮೀಟರ್ ಬೆಳಕು. ಹನಿ ಯಾವ ಕ್ಷಣ ಎಲ್ಲಿರುತ್ತೆ ಅಂತ ಗೊತ್ತಿಲ್ದಿದ್ರೆ ಲೇಸರ್ ಗಾಳಿಗೆ ಗುಂಡು ಹೊಡೆದಂಗೆ, ಅಂದ್ರೆ ಅಲ್ಲೂ ಸ್ಪೀಡ್ ತಿಳ್ಕೊಳ್ಳೋದೇ ಮೊದಲ ಕೆಲಸ. ಈ ಬೆಳಕನ್ನ ಗಾಳಿ ನುಂಗುತ್ತೆ, ಗಾಜು ನುಂಗುತ್ತೆ, ಲೆನ್ಸ್ ಅನ್ನೋ ಮಾತೇ ಇಲ್ಲ, ಎಲ್ಲ ವ್ಯಾಕ್ಯೂಮ್ ಒಳಗೆ ಕನ್ನಡಿಯಲ್ಲೇ ಆಗ್ಬೇಕು. ನಮ್ಮ ಅಲ್ಯೂಮಿನಿಯಂ ಮೇಲೆ ಸೀದಾ ಬಿದ್ರೆ ಒಂದು ಪರ್ಸೆಂಟ್ ಕೂಡ ವಾಪಸ್ ಬರಲ್ಲ.

ಅದಕ್ಕೆ ಮಾಲಿಬ್ಡಿನಂ ಒಂದು ಪದರ, ಸಿಲಿಕಾನ್ ಒಂದು ಪದರ, ಹಿಂಗೆ 40, 50 ಜೋಡಿ. ಒಂದೊಂದು ಜೋಡಿಯಿಂದ ಬರೋ ಬೆಳಕು ಚೂರೇ ಚೂರು, ಆದ್ರೆ ಜೋಡಿಯ ದಪ್ಪ ಅರ್ಧ ಅಲೆ ಇದ್ರೆ ಕೆಳಗಿನ ಜೋಡಿಯಿಂದ ಬಂದಿದ್ದು ಒಂದು ಪೂರ್ತಿ ಅಲೆ ಹಿಂದೆ ಇರುತ್ತೆ, ಎಲ್ಲಾ ಹೆಜ್ಜೆ ಸೇರಿ ಒಟ್ಟು ಸುಮಾರು 70 ಪರ್ಸೆಂಟ್ ವಾಪಸ್. ಗಡಿಯಾರದಲ್ಲಿ 325 ನ್ಯಾನೋಮೀಟರ್ ಮಾಡಿದ ಕೆಲಸವೇ ಇಲ್ಲಿ. 13.5ರ ಅರ್ಧ 6.75, ಆದ್ರೆ ನಿಜವಾಗಿ ಹಾಕೋದು 6.9 ಹತ್ರ, ಯಾಕಂದ್ರೆ ಪದರದ ಒಳಗೆ ಈ ಬೆಳಕಿನ ಅಲೆ ಸ್ವಲ್ಪ ಹಿಗ್ಗುತ್ತೆ. ಸಿಲಿಕಾನೇ ಯಾಕೆ ಅಂದ್ರೆ 12.4 ನ್ಯಾನೋಮೀಟರ್‌ಗಿಂತ ಉದ್ದದ ಅಲೆಯನ್ನ ಅದು ಕಡಿಮೆ ನುಂಗುತ್ತೆ, 13.5 ಅದರ ಪಕ್ಕದಲ್ಲೇ ಇದೆ.

ನೀವೇ ಮಾಡಿ ನೋಡೋಕೆ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನವರ ಎಕ್ಸ್‌ರೇ ಆಪ್ಟಿಕ್ಸ್ ಸೆಂಟರ್ ಫ್ರೀಯಾಗಿ ಇಟ್ಟಿರೋ ಮಲ್ಟಿಲೇಯರ್ ಕ್ಯಾಲ್ಕುಲೇಟರ್ ಇದೆ. ಮೇಲೆ ಸಿಲಿಕಾನ್, ಕೆಳಗೆ ಮಾಲಿಬ್ಡಿನಂ, ಪೀರಿಯಡ್ (ಒಂದು ಜೋಡಿಯ ದಪ್ಪ) 6.9, ಪಾಲು (ಅದರಲ್ಲಿ ಕೆಳಗಿನ ಪದರದ್ದು) 0.4, ಜೋಡಿ 40, ಕೋನ 90 ಅಂತ ಕೊಡಿ. ಅಲ್ಲಿ ಕೋನ ಮೇಲ್ಮೈಯಿಂದ ಅಳೆಯೋದು, 90 ಅಂದ್ರೆ ಸೀದಾ ಲಂಬ. ಜೋಡಿ 10, 20, 40, 80 ಮಾಡ್ತಾ ಹೋಗಿ, 60 ದಾಟಿದ ಮೇಲೆ ವಾಪಸ್ ಬರೋ ಪಾಲು ಏರಲ್ಲ, ಬೆಳಕು ಅಷ್ಟು ಆಳಕ್ಕೆ ಇಳಿಯೋದೇ ಇಲ್ಲ. ಪೀರಿಯಡ್ 7.0 ಮಾಡಿದ್ರೆ ಗ್ರಾಫ್‌ನಲ್ಲಿ ಬೆಳಕು ಚೆನ್ನಾಗಿ ವಾಪಸ್ ಬರೋ ಗುಡ್ಡ 13.7 ಹತ್ರ ಸರಿಯುತ್ತೆ, ಗುಡ್ಡದ ಅಗಲವೇ ಅರ್ಧ ನ್ಯಾನೋಮೀಟರ್ ಆಸುಪಾಸು, ಅಂದ್ರೆ 0.1 ತಪ್ಪೂ ದೊಡ್ಡದೇ. ಒಂದಾದ ಮೇಲೊಂದು ಹತ್ತು ಕನ್ನಡಿ ದಾಟಬೇಕು, 0.7ನ್ನ ಹತ್ತು ಸಲ ಗುಣಿಸಿ ನೋಡಿ, 2.8 ಪರ್ಸೆಂಟ್ ಉಳಿಯುತ್ತೆ, ಕನ್ನಡಿಗಳು ಒಂದಕ್ಕೊಂದು ಹೊಂದಲಿಲ್ಲ ಅಂದ್ರೆ ಅದೂ ಇಲ್ಲ.

ಹುಡುಗನಿಗೆ ಬಾಯಿ ಕಟ್ಟಿದ್ದು ಒರಟುತನದ ಲೆಕ್ಕ. ಮೇಲ್ಮೈ ಒರಟನ್ನ 4 ಪೈನಿಂದ ಗುಣಿಸಿ, ಅಲೆಯಿಂದ ಭಾಗಿಸಿ, ವರ್ಗ ಮಾಡಿ, ಮೈನಸ್ ಹಾಕಿ ಎಕ್ಸ್‌ಪೊನೆನ್ಶಿಯಲ್ ತೆಗೀರಿ, ಎಕ್ಸೆಲ್‌ನಲ್ಲಿ ಒಂದೇ ಲೈನ್, ಬಂದ ಬೆಳಕಿನಲ್ಲಿ ಎಷ್ಟು ಪಾಲು ಉಳಿಯುತ್ತೆ ಅಂತ ಬರುತ್ತೆ. ನಮ್ಮ ಹೆಡ್‌ಲೈಟ್ ಪ್ಲಾಸ್ಟಿಕ್ 4 ನ್ಯಾನೋಮೀಟರ್ ಒರಟು ಅಂದ್ಕೊಳ್ಳಿ, 550ರ ಹಸಿರು ಬೆಳಕಿಗೆ 99 ಪರ್ಸೆಂಟ್ ಉಳಿಯುತ್ತೆ, ಕನ್ನಡಿ ಫಳಫಳ. 13.5ಕ್ಕೆ ಅದೇ ಪ್ಲಾಸ್ಟಿಕ್ ಹತ್ತು ಲಕ್ಷದಲ್ಲಿ ಒಂದು ಪಾಲು ಕೊಡುತ್ತೆ. 0.7ಕ್ಕೆ ಇಳಿಸಿದ್ರೂ ಮೂರನೇ ಒಂದು ಪಾಲು ಹೋಗುತ್ತೆ, 0.3ಕ್ಕೆ ಬಂದಾಗ 92 ಪರ್ಸೆಂಟ್ ಉಳಿಯುತ್ತೆ. 0.3 ನ್ಯಾನೋಮೀಟರ್ ಅಂದ್ರೆ ಒಂದೆರಡು ಪರಮಾಣು ಅಗಲ. "ನಮ್ದು ಒರೆಸೋ ಬಟ್ಟೆನೇ ಅದಕ್ಕಿಂತ ಒರಟು ಬಿಡಣ್ಣ" ಅಂದ. ನಮ್ಮ ದೇಶದಲ್ಲಿ ಇಂಥ ಪದರದ ಕನ್ನಡಿ ಮಾಡಿ ಅಳೆಯೋರು ಇಂದೋರಿನ ಆರ್‌ಆರ್‌ಕ್ಯಾಟ್ ಅನ್ನೋ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರದಲ್ಲಿದ್ದಾರೆ, ಅಲ್ಲಿ ಇಂಡಸ್ ಸಿಂಕ್ರೊಟ್ರಾನ್ (ಎಲೆಕ್ಟ್ರಾನ್ ಸುತ್ತಿಸಿ ಇಂಥ ಬೆಳಕು ತೆಗೆಯೋ ಯಂತ್ರ) ಇದೆ, ಆಸಕ್ತಿ ಇರೋ ಎಂಎಸ್ಸಿ ಮಕ್ಕಳು ಆ ಕಡೆ ನೋಡಬಹುದು.

ಕೊನೇದಾಗಿ ಕ್ಯಾಲ್ಕುಲೇಟರ್‌ನಲ್ಲಿ ಕೋನ 90 ಇದ್ದಿದ್ದನ್ನ 75 ಮಾಡಿ, ಗಾಣದ ಹತ್ರ ಇಟ್ಟಿದ್ದ ಅದೇ 75. ಗುಡ್ಡ 13.5 ಬಿಟ್ಟು 13ರ ಕಡೆಗೆ ಓಡುತ್ತೆ. ಮತ್ತೆ 13.5ಕ್ಕೆ ತರೋಕೆ ಪೀರಿಯಡ್ ಏರಿಸ್ತಾ ಹೋಗಿ, 7.1, 7.2 ಆಸುಪಾಸಿಗೆ ಬಂದಾಗ ವಾಪಸ್ ಬಂದು ಕೂರುತ್ತೆ. ತವರದ ಹನಿ ಎದುರಿಗೆ ಇರೋ ದೊಡ್ಡ ಬಟ್ಟಲು ಕನ್ನಡಿಗೆ ನಡುವಲ್ಲಿ ಬೆಳಕು ಸೀದಾ ಬೀಳುತ್ತೆ, ಅಂಚಿನಲ್ಲಿ ಓರೆಯಾಗಿ ಬೀಳುತ್ತೆ, ಅದಕ್ಕೆ ಅದರ ಪದರಗಳನ್ನ ನಡುವಲ್ಲಿ ತೆಳ್ಳಗೆ, ಅಂಚಿಗೆ ಹೋದಂಗೆ ನ್ಯಾನೋಮೀಟರ್‌ನ ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ದಪ್ಪ ಮಾಡ್ತಾ ಹಾಕ್ತಾರೆ.